ಗಂಡು ಮಂಗಟ್ಟೆ ಹೆಣ್ಣನ್ನು ಪೊಟರೆಯಲ್ಲಿ ಕೂಡಿ ಹಾಕುತ್ತದಾ?

ಪ್ರಶ್ನೆ: ನಮ್ಮ ಮನೆ ಯಲ್ಲಾಪುರದ ಹತ್ತಿರ. ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರ ಅಂಚಿನಲ್ಲಿ ಒಂದು ಹಳೇ ತಾರೆ ಮರ. ಕಳೆದ ತಿಂಗಳು ಒಂದು ಜೋಡಿ ಮಂಗಟ್ಟೆ (ಹಾರ್ನ್‌ಬಿಲ್) ಅದರ ಪೊಟರೆಗೆ ದಿನಾ ಬರುತ್ತಿತ್ತು. ಕಪ್ಪು ಮೈ, ಬಿಳಿ ಹೊಟ್ಟೆ, ಹಳದಿ ಕೊಕ್ಕು. ಈಗ ಒಂದೇ ಹಕ್ಕಿ ಬರುತ್ತಿದೆ. ಪೊಟರೆಯ ಬಾಯಿ ಮುಚ್ಚಿಹೋಗಿ, ನಡುವೆ ಒಂದು ಸಣ್ಣ ಸೀಳು ಮಾತ್ರ ಉಳಿದಿದೆ. ಗಂಡು ಹೆಣ್ಣನ್ನು ಒಳಗೆ ಕೂಡಿ ಹಾಕಿ ಮಣ್ಣು ಮೆತ್ತುತ್ತದೆ, ಗಂಡು ಸತ್ತರೆ ಒಳಗಿನ ಹೆಣ್ಣು, ಮರಿ ಎಲ್ಲ ಅಲ್ಲೇ ಸಾಯುತ್ತವೆ ಅಂತ ಮಾವನವರು ಹೇಳುತ್ತಾರೆ. ಇದು ನಿಜವಾ? ಮರ ಪೊಳ್ಳಾಗಿದೆ, ಮಳೆಗಾಲದಲ್ಲಿ ತೋಟದ ಮೇಲೆ ಬೀಳುತ್ತದೆ, ಕಡಿಸೋಣ ಅನ್ನುವುದು ಭಾವನವರ ವಾದ. ನಾವು ಪಪ್ಪಾಯಿ, ಬಾಳೆಹಣ್ಣು ಇಟ್ಟರೆ ಹಕ್ಕಿಗೆ ಸಹಾಯ ಆಗುತ್ತದಾ? ಪೊಟರೆಯ ಒಳಗೆ ಏನಾಗುತ್ತಿದೆ ಅಂತ ಹಕ್ಕಿಗಳ ಅಧ್ಯಯನ ಮಾಡುವ ನಿಮ್ಮಂಥವರು ಹೇಗೆ ತಿಳಿದುಕೊಳ್ಳುತ್ತೀರಿ ಅನ್ನುವುದು ನನ್ನ ಮಗನ ಪ್ರಶ್ನೆ. ಅವನು ಏಳನೇ ಕ್ಲಾಸು.

ಉತ್ತರ: ಮೊದಲು ಭಾವನವರಿಗೆ ಒಂದು ಮಾತು. ದಯವಿಟ್ಟು ಮಳೆಗಾಲ ಶುರುವಾಗುವ ತನಕ ಆ ಮರಕ್ಕೆ ಕೈ ಹಚ್ಚಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮಾವನವರ ಮಾತಿನಲ್ಲಿ ಅರ್ಧ ನಿಜ ಇದೆ. ಬಾಗಿಲು ಹಾಕುವುದು ಗಂಡು ಅನ್ನುವುದು ಮಾತ್ರ ತಪ್ಪು. ಹೆಣ್ಣು ತಾನೇ ಒಳಗೆ ಹೋಗಿ, ಒಳಗಿನಿಂದಲೇ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೂ ಮೊದಲು ಎಷ್ಟೋ ದಿನ ಬಂದು ಪೊಟರೆ ನೋಡುತ್ತದೆ. ತಲೆ ಹಾಕುತ್ತದೆ, ಹೊರಗೆ ಬರುತ್ತದೆ, ಮತ್ತೆ ತಲೆ ಹಾಕುತ್ತದೆ. ಬಾಡಿಗೆ ಮನೆ ನೋಡಲು ಬಂದವರ ಹಾಗೆ. ಆ ದಿನಗಳಲ್ಲಿ ಗಂಡು ಹಣ್ಣು ತಂದು ಹೆಣ್ಣಿಗೆ ತಿನ್ನಿಸುತ್ತಾ ಇರುತ್ತದೆ. ಒಂದು ದಿನ ಹೆಣ್ಣು ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ತನ್ನದೇ ಹಿಕ್ಕೆ, ತಿಂದ ಹಣ್ಣಿನ ಚೂರು, ಪೊಟರೆಯ ಒಳಗಿನ ಕೊಳೆತ ಮರದ ಪುಡಿ ಎಲ್ಲ ಸೇರಿಸಿ ಬಾಯಿಯ ಸುತ್ತ ಮೆತ್ತಲು ಶುರು ಮಾಡುತ್ತದೆ. ಗಾರೆ ಕೆಲಸದವರು ಕರಣೆ ಆಡಿಸುತ್ತಾರಲ್ಲ, ಹಾಗೆ ಕೊಕ್ಕಿನ ಪಕ್ಕವನ್ನು ಆಡಿಸಿ ತಟ್ಟಿ ತಟ್ಟಿ ಕೂರಿಸುತ್ತದೆ. ಕೆಲವು ಜಾತಿಗಳಲ್ಲಿ ಗಂಡು ಮಣ್ಣಿನ ಉಂಡೆ ತಂದುಕೊಡುವುದುಂಟು. ಮಾವನವರ ಕಾಲದವರು ಅದನ್ನು ನೋಡಿಯೇ ಗಂಡೇ ಮೆತ್ತುತ್ತದೆ ಅಂದುಕೊಂಡಿರಬಹುದು. ಮೇಸ್ತ್ರಿ ಒಳಗೆ, ಸಾಮಾನು ಹೊರುವವನು ಹೊರಗೆ. ನೋಡುವವರ ಕಣ್ಣಿಗೆ ಬೀಳುವುದು ಹೊರಗಿನವನೇ ಅಲ್ವಾ?

ಈ ಗೋಡೆ ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿ. ಕೊನೆಗೆ ಉಳಿಯುವುದು ಉದ್ದನೆಯ ಒಂದು ಸೀಳು. ಕೊಕ್ಕಿನ ತುದಿ ಹೊರಗೆ ಬರಬೇಕು, ಹಣ್ಣು ಒಳಗೆ ಹೋಗಬೇಕು, ಅಷ್ಟೇ ಅಗಲ. ಮಂಗ, ಕಬ್ಬೆಕ್ಕು, ಉಡ, ಮೊಟ್ಟೆ ಹುಡುಕಿ ಬರುವ ಹಾವು ಯಾವುದಕ್ಕೂ ಒಳಗೆ ನುಗ್ಗುವುದು ಸುಲಭ ಅಲ್ಲ. ಜೊತೆಗೆ ಬೇರೆ ಮಂಗಟ್ಟೆಗಳ ಕಾಟ. ಒಳ್ಳೆ ಪೊಟರೆಗೆ ಅವುಗಳಲ್ಲೇ ಜಗಳ ಜಾಸ್ತಿ.

ಒಳಗೆ ಕೂತ ಹೆಣ್ಣು ಇನ್ನೊಂದು ಕೆಲಸ ಮಾಡುತ್ತದೆ. ರೆಕ್ಕೆ, ಬಾಲದ ದೊಡ್ಡ ಗರಿಗಳನ್ನು ಉದುರಿಸುತ್ತದೆ. ಹೆಚ್ಚಿನ ಹಕ್ಕಿಗಳು ಒಂದೊಂದೇ ಗರಿ ಬದಲಾಯಿಸುತ್ತವೆ, ಹಾರುವ ಶಕ್ತಿ ಕಳೆದುಕೊಳ್ಳುವುದಿಲ್ಲ. ಮಂಗಟ್ಟೆ ಹೆಣ್ಣಿಗೆ ಆ ಅವಸರ ಇಲ್ಲ. ಹೇಗಿದ್ದರೂ ತಿಂಗಳುಗಟ್ಟಲೆ ಒಳಗೇ ಇರಬೇಕು, ಊಟ ಬಾಗಿಲಿಗೆ ಬರುತ್ತದೆ. ಹಳೇ ಗರಿ ಹೋಗಿ ಹೊಸ ಗರಿ ಬರುವುದು, ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಮೂರೂ ಒಟ್ಟಿಗೆ ನಡೆಯುತ್ತವೆ.

ಈಗ ಮಾವನವರ ಮಾತಿನ ಇನ್ನರ್ಧ. ಗಂಡು ಸತ್ತರೆ ಏನಾಗುತ್ತದೆ? ಹೆಣ್ಣಿಗೆ ಆ ಗೋಡೆ ಒಡೆಯಲು ಬರುತ್ತದೆ. ಕಟ್ಟಿದ್ದೇ ಅದು. ಆದರೆ ರೆಕ್ಕೆಯ ಗರಿ ಉದುರಿದ ಹೊತ್ತಿನಲ್ಲಿ ಹೊರಗೆ ಬಂದರೆ ಹಾರುವುದು ಹೇಗೆ, ಹಣ್ಣಿನ ಮರ ಹುಡುಕುವುದು ಹೇಗೆ? ಹೊಸ ಗರಿ ಬಲಿತಿದ್ದರೆ ಹೆಣ್ಣು ಉಳಿದುಕೊಳ್ಳಬಹುದು. ಸಣ್ಣ ಮರಿಗೆ ಮಾತ್ರ ಆಸೆ ತೀರಾ ಕಡಿಮೆ. ಹಾಗಾಗಿ ಫೆಬ್ರವರಿಯಿಂದ ಮೇ ತನಕ ಗಂಡು ಮಂಗಟ್ಟೆಗೆ ಬಿದ್ದ ಒಂದು ಗುಂಡು ಬರೀ ಒಂದು ಹಕ್ಕಿಯ ಲೆಕ್ಕ ಆಗುವುದಿಲ್ಲ. ಒಂದು ಸತ್ತರೆ ಇನ್ನೊಂದು ಕೊರಗಿ ಸಾಯುತ್ತದೆ ಅಂತಲೂ ಜನ ಹೇಳುತ್ತಾರೆ. ಜೋಡಿ ವರ್ಷಾನುಗಟ್ಟಲೆ ಒಟ್ಟಿಗಿರುವುದು ಹೌದು. ಆದರೆ ಉಳಿದ ಹಕ್ಕಿ ಕಾಲ ಕಳೆದಂತೆ ಬೇರೆ ಜೋಡಿ ನೋಡಿಕೊಳ್ಳುತ್ತದೆ.

ನಿಮ್ಮ ಮರದಲ್ಲಿರುವುದು ಯಾವ ಜಾತಿ? ಪಶ್ಚಿಮ ಘಟ್ಟದಲ್ಲಿ ನಾಲ್ಕು ಬಗೆ ಇವೆ. ಭಾರತದಲ್ಲಿ ಒಟ್ಟು ಒಂಬತ್ತು. ಏಷ್ಯಾದಲ್ಲಿ ಮೂವತ್ತಕ್ಕೂ ಮೇಲೆ. ನೀವು ಬರೆದ ಬಣ್ಣ ನೋಡಿದರೆ ಅದು ಮಲಬಾರ್ ಪೈಡ್, ಕಪ್ಪು ಬಿಳುಪಿನ ಮಂಗಟ್ಟೆ. ಕುತ್ತಿಗೆ ಪೂರ್ತಿ ಕಪ್ಪಾಗಿದ್ದರೆ ಅನುಮಾನವೇ ಇಲ್ಲ. ಕುತ್ತಿಗೆ ಹಳದಿ ಮಿಶ್ರಿತ ಬಿಳಿ, ರೆಕ್ಕೆಗೆ ಅಡ್ಡ ಬಿಳಿ ಪಟ್ಟೆ, ಮುಖಕ್ಕೆ ಕಪ್ಪು ಪಟ್ಟಿ ಇದ್ದರೆ ಅದು ದೊಡ್ಡ ಮಂಗಟ್ಟೆ, ಗ್ರೇಟ್ ಹಾರ್ನ್‌ಬಿಲ್. ಅದರ ಹಳದಿ ಪೂರ್ತಿ ಹುಟ್ಟಿನ ಬಣ್ಣ ಅಲ್ಲ. ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಗೆ ಕೊಕ್ಕು ತಿಕ್ಕಿ, ಅದೇ ಕೊಕ್ಕಿನಿಂದ ಬಿಳಿ ಗರಿಗೆ ಬಳಿದುಕೊಳ್ಳುತ್ತದೆ. ಇನ್ನೆರಡು ಬೂದು ಬಣ್ಣದವು. ಒಂದು ಘಟ್ಟದಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಮಲಬಾರ್ ಗ್ರೇ. ಅದಕ್ಕೆ ಕೊಕ್ಕಿನ ಮೇಲೆ ಕೊಂಬೇ ಇಲ್ಲ. ಕೂಗು ಮಾತ್ರ ಯಾರೋ ಗಹಗಹಿಸಿ ನಕ್ಕ ಹಾಗೆ. ಇನ್ನೊಂದು ಬಯಲು ಸೀಮೆಯಲ್ಲೂ ಸಿಗುವ ಬೂದು ಮಂಗಟ್ಟೆ.

ಕಾಳಿ ನದಿಯ ಕಣಿವೆ ಮಲಬಾರ್ ಪೈಡ್‌ಗೆ ಹೆಸರುವಾಸಿ. ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಬೆಳಗ್ಗೆ ಹೊತ್ತು ಅರ್ಧ ಗಂಟೆ ನಿಂತರೆ ಗುಂಪು ಗುಂಪಾಗಿ ಕಾಣಿಸುತ್ತವೆ. ನದಿಯ ಉದ್ದಕ್ಕೂ 52.50 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಸರ್ಕಾರ ಮಂಗಟ್ಟೆಗಳ ಹೆಸರಿನಲ್ಲೇ ಸಂರಕ್ಷಣಾ ಮೀಸಲು ಅಂತ ಘೋಷಿಸಿತು.

ನಿಮ್ಮ ಜಿಲ್ಲೆಗೆ ಇದಕ್ಕಿಂತ ಹಳೇ ನಂಟೂ ಒಂದಿದೆ. ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನದಲ್ಲಿ ದೊಡ್ಡ ಮಂಗಟ್ಟೆ ಇದೆ, ಕಟ್ಟಡದ ಹೆಸರೂ ಹಾರ್ನ್‌ಬಿಲ್ ಹೌಸ್. ಅದಕ್ಕೆ ಮಾದರಿಯಾದ ಹಕ್ಕಿ ಕಾರವಾರದ್ದು. 1894ರಲ್ಲಿ ಹುಟ್ಟಿದ ಮರಿಯನ್ನು ಕಾರವಾರದಿಂದ ಒಬ್ಬರು ಸೊಸೈಟಿಗೆ ಕೊಟ್ಟರು. ವಿಲಿಯಂ ಅಂತ ಹೆಸರಿಟ್ಟರು. ಕಚೇರಿಯ ಪಂಜರದಲ್ಲಿ 26 ವರ್ಷ ಬದುಕಿ 1920ರಲ್ಲಿ ಸತ್ತಿತು. ಹೊತ್ತಿದ ಸಿಗಾರು ನುಂಗಿಯೂ ಏನೂ ಆಗಲಿಲ್ಲವಂತೆ. ಕೊನೆಗೆ ತಂತಿಯ ಚೂರು ನುಂಗಿ ಸತ್ತಿತು ಅಂತ ಹೇಳುತ್ತಾರೆ. ಈ ನುಂಗುವ ಚಾಳಿಗೆ ಕಾರಣ ಇದೆ. ಮಂಗಟ್ಟೆಗೆ ಕೊಕ್ಕು ಎಷ್ಟು ಉದ್ದವೋ ನಾಲಗೆ ಅಷ್ಟೇ ಮೋಟು. ತುದಿಯಲ್ಲಿ ಕಚ್ಚಿದ ಹಣ್ಣನ್ನು ನಾಲಗೆಯಿಂದ ಒಳಗೆ ಎಳೆಯಲು ಆಗುವುದಿಲ್ಲ. ಅದಕ್ಕೇ ಮೇಲಕ್ಕೆ ಚಿಮ್ಮಿಸಿ ಗಂಟಲಿಗೆ ಹಿಡಿಯುತ್ತದೆ. ಒಮ್ಮೆ ಚಿಮ್ಮಿದರೆ ಮುಗಿಯಿತು, ಸಿಗಾರಾದರೂ ಒಂದೇ, ಅತ್ತಿ ಹಣ್ಣಾದರೂ ಒಂದೇ.

ಈಗ ನಿಮ್ಮ ಗಂಡು ಹಕ್ಕಿಯ ದಿನಚರಿ. ಮನೆಯಿಂದಲೇ ಬೈನಾಕ್ಯುಲರ್ ಹಿಡಿದು ನೋಡಿ, ಮಗನಿಗೂ ತೋರಿಸಿ. ಹಕ್ಕಿ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಇವುಗಳ ರೆಕ್ಕೆಯ ಕೆಳಗೆ, ದೊಡ್ಡ ಗರಿಗಳ ಬುಡ ಮುಚ್ಚುವ ಸಣ್ಣ ಗರಿಗಳು ಇಲ್ಲ. ಬಡಿದಾಗೆಲ್ಲ ಗಾಳಿ ಸಂದಿಯಲ್ಲಿ ನುಗ್ಗಿ ಸದ್ದಾಗುತ್ತದೆ. ಮೊರದಲ್ಲಿ ಅಕ್ಕಿ ಕೇರುವ ಸದ್ದನ್ನು ಹತ್ತು ಪಟ್ಟು ಜೋರು ಮಾಡಿಕೊಳ್ಳಿ. ದೊಡ್ಡ ಮಂಗಟ್ಟೆಯದಂತೂ ತುಂಬಾ ದೂರಕ್ಕೆ ಕೇಳುತ್ತದೆ. ಬಂದ ಗಂಡು ಸೀದಾ ಪೊಟರೆಗೆ ಹೋಗುವುದಿಲ್ಲ. ಪಕ್ಕದ ಮರದಲ್ಲಿ ಕೂತು ಸುತ್ತ ನೋಡುತ್ತದೆ. ಆಮೇಲೆ ಬಾಯಿಯ ಹತ್ತಿರ ತೊಗಟೆಗೆ ಉಗುರು ಊರಿ ಕೂರುತ್ತದೆ. ಆಗ ಅದರ ಕೊಕ್ಕಿನಲ್ಲಿ ಏನೂ ಇರುವುದಿಲ್ಲ. ಖಾಲಿ ಕೈಯಲ್ಲಿ ಬಂತಲ್ಲಾ ಅಂದುಕೊಳ್ಳುವಷ್ಟರಲ್ಲಿ ಕುತ್ತಿಗೆ ಒಂದು ಸಲ ಕುಲುಕುತ್ತದೆ, ಕೊಕ್ಕಿನ ತುದಿಗೆ ಒಂದು ಹಣ್ಣು ಬರುತ್ತದೆ. ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಇಣುಕಿ ಅದನ್ನು ಹಿಡಿಯುತ್ತದೆ. ಮತ್ತೆ ಕುಲುಕು, ಮತ್ತೊಂದು ಹಣ್ಣು. ಗಂಟಲ ಚೀಲದಲ್ಲಿ ತುಂಬಿಕೊಂಡು ಬಂದದ್ದನ್ನು ಒಂದೊಂದಾಗಿ ಎಣಿಸಿ ಕೊಟ್ಟ ಹಾಗೆ ಕೊಡುತ್ತದೆ. ಗೋಳಿ, ಬಸರಿಯ ಸಣ್ಣ ಹಣ್ಣಾದರೆ ಒಂದೇ ಸಲಕ್ಕೆ ಹತ್ತಾರು. ಮರಿ ಹುಟ್ಟಿದ ಮೇಲೆ ಪಟ್ಟಿ ಬದಲಾಗುತ್ತದೆ. ಓತಿಕ್ಯಾತ, ಸಣ್ಣ ಹಾವು, ಜೀರುಂಡೆ, ಕೆಲವು ಸಲ ಬೇರೆ ಹಕ್ಕಿಯ ಮರಿಯೂ ಬರುತ್ತದೆ. ಬೆಳೆಯುವ ಮರಿಗೆ ಬರೀ ಹಣ್ಣು ಸಾಲದು.

ದಯವಿಟ್ಟು ಹತ್ತಿರ ಹೋಗಿ ನೋಡಬೇಡಿ. ಇದನ್ನು ನಾನೇ ತಪ್ಪು ಮಾಡಿ ಕಲಿತದ್ದು. ಕೆಲಸ ಶುರು ಮಾಡಿದ ಮೊದಲ ವರ್ಷ, ಜೋಯಿಡಾ ಕಡೆ, ಒಂದು ಗೂಡಿನ ಹತ್ತಿರ ಸೊಪ್ಪಿನ ಮರೆ ಕಟ್ಟಿಕೊಂಡು ಕೂತಿದ್ದೆ. ಚೆನ್ನಾಗಿ ಕಾಣಲಿ ಅಂತ ಸ್ವಲ್ಪ ಜಾಸ್ತಿಯೇ ಹತ್ತಿರ ಕಟ್ಟಿದ್ದೆ. ಬೆಳಗ್ಗೆ ಆರರಿಂದ ಹತ್ತರ ತನಕ ಗಂಡು ಬರಲೇ ಇಲ್ಲ. ಇವತ್ತು ಹಣ್ಣು ಸಿಗಲಿಲ್ಲವೇನೋ ಅಂತ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಜೊತೆಗಿದ್ದ, ಅಲ್ಲಿನ ಕುಣಬಿ ಸಮುದಾಯದ ಹಿರಿಯರು ಮೆಲ್ಲಗೆ ನನ್ನ ತೋಳು ಮುಟ್ಟಿ ಹಿಂದಿನ ಮರ ತೋರಿಸಿದರು. "ಆಗಿಂದ ಅಲ್ಲೇ ಕೂತಿದೆ ಸಾರ್. ನಾವು ಅದನ್ನ ಕಾಯ್ತಾ ಇಲ್ಲ, ಅದು ನಮ್ಮನ್ನ ಕಾಯ್ತಾ ಇದೆ." ಗಂಟಲು ತುಂಬ ಹಣ್ಣು ಇಟ್ಟುಕೊಂಡು ಆ ಹಕ್ಕಿ ಗಂಟೆಗಟ್ಟಲೆ ಕೂತಿತ್ತು. ಒಳಗೆ ಹೆಣ್ಣು ಹಸಿದುಕೊಂಡು ಇತ್ತು. ಆ ಪುಟದ ಲೆಕ್ಕ ಪೂರ್ತಿ ಸುಳ್ಳು ಅಂತ ಹೊಡೆದು ಹಾಕಿದೆ. ಮರೆಯನ್ನು ಆವತ್ತೇ ಕಿತ್ತು ಬಹಳ ಹಿಂದಕ್ಕೆ ಕಟ್ಟಿದೆವು. ಈಗ ಮೊಬೈಲ್ ಹಿಡಿದು ಗೂಡಿನ ಬುಡಕ್ಕೇ ಹೋಗುವವರನ್ನು ನೋಡಿದಾಗೆಲ್ಲ ನನಗೆ ಆ ಪುಟ ನೆನಪಾಗುತ್ತದೆ. ನಿಮ್ಮ ಅಂಗಳದಿಂದ ಮರ ಕಾಣುತ್ತದಲ್ಲ, ಅಲ್ಲಿಂದಲೇ ನೋಡಿ.

ಇನ್ನು ಮಗನ ಪ್ರಶ್ನೆ. ಒಳಗಿನದು ತಿಳಿಯುವುದು ಹೇಗೆ? ಮುಕ್ಕಾಲು ಪಾಲು ಕೆಲಸ ಸುಮ್ನೆ ಕೂರುವುದು. ಗಂಡು ಎಷ್ಟು ಹೊತ್ತಿಗೆ ಬಂತು, ಎಷ್ಟು ಹಣ್ಣು ಕೊಟ್ಟಿತು, ಯಾವ ಹಣ್ಣು, ಒಳಗಿನಿಂದ ಒಂದು ಕೊಕ್ಕು ಬಂತಾ ಎರಡು ಬಂತಾ, ಮರಿಯ ದನಿ ಕೇಳಿತಾ. ದಿನಗಟ್ಟಲೆ ಇದೇ ಲೆಕ್ಕ. ಮರದ ಕೆಳಗೆ ಇನ್ನೊಂದು ಲೆಕ್ಕ ಇದೆ. ಒಳಗಿನ ಹಕ್ಕಿಗಳು ಗೂಡು ಗಲೀಜು ಮಾಡಿಕೊಳ್ಳುವುದಿಲ್ಲ. ಹಿಕ್ಕೆಯನ್ನು ಸೀಳಿನಿಂದ ಹೊರಗೆ ಚಿಮ್ಮಿಸುತ್ತವೆ, ದೊಡ್ಡ ಬೀಜವನ್ನು ಬಾಯಿಂದ ಹೊರಗೆ ಹಾಕುತ್ತವೆ. ಪೊಟರೆಯ ನೇರ ಕೆಳಗೆ ಬೀಜದ ರಾಶಿಯೇ ಬಿದ್ದಿರುತ್ತದೆ. ನಾವು ಅಲ್ಲಿ ಬಲೆ ಕಟ್ಟಿ, ವಾರಕ್ಕೊಮ್ಮೆ ಬಿದ್ದ ಬೀಜ ಬೇರ್ಪಡಿಸಿ ಎಣಿಸುತ್ತೇವೆ. ರಾಂಪತ್ರೆ (ಕಾಡು ಜಾಯಿಕಾಯಿ) ಬೀಜಕ್ಕೆ ಪತ್ರೆಯ, ಅಂದರೆ ಮೇಲಿನ ಹೊದಿಕೆಯ, ಒಂದೆರಡು ಕೆಂಪು ನೂಲು ಇನ್ನೂ ಅಂಟಿಕೊಂಡಿರುತ್ತದೆ. ಗುಲುಮಾವಿನದು ಗೋಲಿಯ ಹಾಗೆ ದುಂಡಗೆ. ಕಾಡು ನೇರಳೆಯದು ಬಟ್ಟೆಗೆ ಕಲೆ ಹತ್ತಿಸುತ್ತದೆ. ನಡುವೆ ಜೀರುಂಡೆಯ ಹೊಳೆಯುವ ರೆಕ್ಕೆಯ ಚಿಪ್ಪು. ಮೊದಲ ಮಳೆಗೆ ಅದೇ ಜಾಗದಲ್ಲಿ ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಒಂದೇ ಕಡೆ ಅಷ್ಟು ಬಿದ್ದರೆ ಬದುಕುವುದು ಕಡಿಮೆ, ಅದು ಬೇರೆ ಮಾತು. ಗೂಡಿನ ಕಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹಕ್ಕಿ ಕಾಡೆಲ್ಲ ತಿರುಗುತ್ತಾ ಬಿತ್ತುತ್ತದೆ. ನಿಜವಾದ ಬಿತ್ತನೆ ಆಗ.

ಇದನ್ನು ಹಿಂಬಾಲಿಸಿ ನೋಡುವುದು ಕಾಲ್ನಡಿಗೆಯಲ್ಲಿ ಆಗದ ಕೆಲಸ. ಅರುಣಾಚಲದಲ್ಲಿ ಹಕ್ಕಿಯ ಬೆನ್ನಿಗೆ ಸಣ್ಣ ಜಿಪಿಎಸ್ ಕಟ್ಟಿ ಬಿಟ್ಟು ನೋಡಿದ್ದಾರೆ. ಬೀಜ ಹೊಟ್ಟೆಯಲ್ಲಿರುವ ಹೊತ್ತಿಗೇ ಹಕ್ಕಿ ಕಿಲೋಮೀಟರ್‌ಗಟ್ಟಲೆ ದೂರ ಹೋಗಿರುತ್ತದೆ. ಜಾಯಿಕಾಯಿ ಜಾತಿಯ ದಪ್ಪ ಬೀಜ ನುಂಗಿ ಅಷ್ಟು ದೂರ ಒಯ್ಯುವ ಹಕ್ಕಿ ಕಾಡಿನಲ್ಲಿ ಎಷ್ಟಿವೆ? ಪಿಕಳಾರಕ್ಕೆ ಆಗುವುದಿಲ್ಲ, ಗಿಳಿ ಬೀಜವನ್ನೇ ಕಡಿದು ತಿನ್ನುತ್ತದೆ. ಕಾಸರಕನ ಹಣ್ಣು ನಿಮಗೆ ಗೊತ್ತಲ್ಲ, ಬೀಜದ ತುಂಬ ವಿಷ. ಅದರ ತಿರುಳನ್ನೂ ನಿಮ್ಮ ಮಲಬಾರ್ ಪೈಡ್ ಆರಾಮವಾಗಿ ತಿನ್ನುತ್ತದೆ.

ಮಂಗಟ್ಟೆ ಅಧ್ಯಯನದ ಕತೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಥಾಯ್ಲೆಂಡಿನದು. ಪಿಲೈ ಪೂನ್ಸ್‌ವಾಡ್ ಅನ್ನುವ ವಿಜ್ಞಾನಿ ಓದಿದ್ದು ಸೂಕ್ಷ್ಮಜೀವಿಗಳ ಬಗ್ಗೆ. 1978ರಲ್ಲಿ ಕಾವ್ ಯಾಯ್ ರಾಷ್ಟ್ರೀಯ ಉದ್ಯಾನದಲ್ಲಿ ಮಂಗಟ್ಟೆ ಗೂಡು ನೋಡಲು ಶುರು ಮಾಡಿದರು, ಆಮೇಲೆ ಬಿಡಲೇ ಇಲ್ಲ. ವರ್ಷ ವರ್ಷ ಅವೇ ಮರಗಳಿಗೆ ಹೋಗಿ ನೋಡುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಪೊಟರೆಗಳು ಕೆಡುತ್ತವೆ. ಒಳಗಿನ ನೆಲ ಕೊಳೆತು ಕುಸಿದು ಆಳಕ್ಕೆ ಹೋಗುತ್ತದೆ, ಹೆಣ್ಣು ಒಳಗೆ ಕೂತರೆ ಸೀಳಿಗೆ ಕೊಕ್ಕು ಎಟುಕುವುದಿಲ್ಲ. ಇಲ್ಲವೇ ಮರ ಬೆಳೆದು ಬಾಯಿಯೇ ಮುಚ್ಚಿಕೊಳ್ಳುತ್ತದೆ. ಅವರ ತಂಡದವರು ಮರ ಹತ್ತಿ ಒಳಗೆ ಮಣ್ಣು ತುಂಬಿ ನೆಲ ಏರಿಸಿದರು, ಬಾಯಿಯನ್ನು ಅಳತೆಗೆ ಕೆತ್ತಿದರು. ಹಕ್ಕಿಗಳು ವಾಪಸ್ ಬಂದವು. ಅಂದರೆ ಹಕ್ಕಿ ಇತ್ತು, ಹಣ್ಣೂ ಇತ್ತು, ಇಲ್ಲದ್ದು ಮನೆ ಮಾತ್ರ. ಸಿಂಗಪುರದಲ್ಲೂ ಇದೇ ಆಯಿತು. ಅಲ್ಲಿಂದ ಕಣ್ಮರೆಯಾಗಿ ನೂರು ವರ್ಷಕ್ಕೂ ಜಾಸ್ತಿ ಆಗಿದ್ದ ಓರಿಯಂಟಲ್ ಪೈಡ್, ಅಂದರೆ ಇನ್ನೊಂದು ಜಾತಿಯ ಕಪ್ಪು ಬಿಳುಪಿನ ಮಂಗಟ್ಟೆಯ ಜೋಡಿಯೊಂದು 1994ರಲ್ಲಿ ಉಬಿನ್ ದ್ವೀಪದಲ್ಲಿ ಕಾಣಿಸಿಕೊಂಡಿತು. ದೊಡ್ಡ ಮರಗಳು ಇರಲಿಲ್ಲ. ಗೂಡುಪೆಟ್ಟಿಗೆ ಕಟ್ಟಿಕೊಟ್ಟರು, ಸಂಸಾರ ಬೆಳೆಯಿತು.

ಥಾಯ್ಲೆಂಡಿನ ದಕ್ಷಿಣದ ಬುಡೊ ಬೆಟ್ಟದಲ್ಲಿ ಊರಿನವರು ಮರಿ ಕದ್ದು ಮಾರುತ್ತಿದ್ದರು. ಪಿಲೈ ಅವರನ್ನೇ ಗೂಡು ಕಾಯುವ ಕೆಲಸಕ್ಕೆ ತೆಗೆದುಕೊಂಡರು. ಯಾವ ಮರದಲ್ಲಿ ಗೂಡಿದೆ ಅಂತ ಕಳ್ಳನಷ್ಟು ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ ಹೇಳಿ! ಪೇಟೆಯ ಜನ ಒಂದೊಂದು ಗೂಡನ್ನು ದತ್ತು ತೆಗೆದುಕೊಂಡು ಸಂಬಳದ ದುಡ್ಡು ಕೊಟ್ಟರು. ಅರುಣಾಚಲದ ಪಕ್ಕೆ ಹುಲಿ ಮೀಸಲಿನ ಅಂಚಿನಲ್ಲಿ ಅದೇ ಬಗೆಯ ಕೆಲಸ 2011ರ ಹೊತ್ತಿಗೆ ಶುರುವಾಯಿತು. ಅದರ ಹಿಂದೆ ಇದ್ದವರು ಅಪರಾಜಿತಾ ದತ್ತ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಜೊತೆಗೆ ಅರಣ್ಯ ಇಲಾಖೆ ಮತ್ತು ಅಲ್ಲಿನ ನ್ಯಿಶಿ ಬುಡಕಟ್ಟಿನ ಗಾಂವ್ ಬುಡಾಗಳು, ಅಂದರೆ ಊರ ಮುಖಂಡರು. ನ್ಯಿಶಿ ಗಂಡಸರ ತಲೆಯುಡುಗೆಗೆ ಮಂಗಟ್ಟೆಯ ಕೊಕ್ಕು ಸಿಕ್ಕಿಸುವುದು ಪದ್ಧತಿ. ಈಗ ಬಹಳ ಜನ ಫೈಬರ್ ಕೊಕ್ಕು ಹಾಕಿಕೊಳ್ಳುತ್ತಾರೆ. ಕೇರಳದ ವಾಳಚ್ಚಾಲ್ ಕಾಡಿನಲ್ಲಿ ಕಾಡರ್ ಜನ ಗೂಡು ಕಾಯುತ್ತಾರೆ. ಎಲ್ಲ ಕಡೆ ಹಾಗೆ ಒಳ್ಳೇದಾಗಿಲ್ಲ. ಬೋರ್ನಿಯೊ, ಸುಮಾತ್ರದಲ್ಲಿ ಗಟ್ಟಿ ಕೊಂಬಿನ ಹೆಲ್ಮೆಟೆಡ್ ಹಾರ್ನ್‌ಬಿಲ್ ಅಂತ ಇದೆ. ಉಳಿದ ಮಂಗಟ್ಟೆಗಳ ಕೊಂಬು ಒಳಗೆ ಟೊಳ್ಳು, ಇದರದ್ದು ದಂತದ ಹಾಗೆ ತುಂಬಿಕೊಂಡಿದೆ. ಕೆತ್ತನೆಗೆ ಅಂತ ಚೀನಾಕ್ಕೆ ಕದ್ದು ಸಾಗಿಸಿ ಸಾಗಿಸಿ, 2015ರಲ್ಲಿ ಅದನ್ನು ಅಳಿವಿನ ಕೊನೇ ಮೆಟ್ಟಿಲಿನ ಪಟ್ಟಿಗೆ ಹಾಕಬೇಕಾಯಿತು.

ಇಷ್ಟು ಹೇಳಿದ ಮೇಲೆ ಭಾವನವರ ಮರಕ್ಕೆ ಬರುತ್ತೇನೆ.

ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗದ ಹಾಗೆ ಮರ ಕೊರೆಯಲು ಬರುವುದಿಲ್ಲ. ಸಿಕ್ಕಿದ ಪೊಟರೆಯೇ ಗತಿ. ಅದೂ ಎಂಥದ್ದು ಬೇಕು ನೋಡಿ. ನೆಲದಿಂದ ಎತ್ತರ ಇರಬೇಕು. ಒಳಗೆ ದೊಡ್ಡ ಹಕ್ಕಿ ಮರಿಗಳ ಜೊತೆ ತಿಂಗಳುಗಟ್ಟಲೆ ಕೂರುವಷ್ಟು ಜಾಗ ಬೇಕು. ಹೊರಗೆ ಬಾಯಿ ಮಾತ್ರ ಚಿಕ್ಕದಿರಬೇಕು. ಗಾಳಿಗೆ ದೊಡ್ಡ ಕೊಂಬೆ ಮುರಿಯಬೇಕು, ಆ ಗಾಯಕ್ಕೆ ನೀರು ಇಳಿಯಬೇಕು, ಅಣಬೆ ಹತ್ತಿ ತಿರುಳು ಕೊಳೆಯಬೇಕು, ಇಷ್ಟಾದರೂ ಮರ ನಿಂತಿರಬೇಕು. ಇಂಥ ಒಂದು ಪೊಟರೆ ಆಗಲು ಎಷ್ಟೋ ದಶಕ ಹಿಡಿಯುತ್ತದೆ. ನಿಮ್ಮ ಅಜ್ಜನ ಕಾಲದಿಂದ ರೈಲ್ವೆ ಸ್ಲೀಪರಿಗೆ, ಪ್ಲೈವುಡ್ಡಿಗೆ ಅಂತ ದೊಡ್ಡ ಮರಗಳೆಲ್ಲ ಹೋದವು. ಉಳಿದದ್ದರಲ್ಲಿ ಪೊಳ್ಳು ಮರ ಕಂಡರೆ ಇದು ಯಾತಕ್ಕೂ ಬಾರದ್ದು ಅಂತ ಸೌದೆಗೆ ಹೋಯಿತು. ನಾಟಾ ನೋಡುವವರ ಲೆಕ್ಕದಲ್ಲಿ ಸೊನ್ನೆ ಬೆಲೆಯ ಮರ ಅದು. ಅದೇ ಸೊನ್ನೆ ಬೆಲೆಯ ಮರ ಇಲ್ಲದೇ ಹೋದರೆ ಸುತ್ತ ಎಷ್ಟು ಹಣ್ಣಿದ್ದರೂ ಈ ಜೋಡಿಗೆ ಮರಿ ಇಲ್ಲ. ಒಂದು ಸಲ ಹೊಂದಿದ ಪೊಟರೆಗೆ ಇವು ವರ್ಷ ವರ್ಷವೂ ಬರುತ್ತವೆ. ಮಾವನವರನ್ನು ಕೇಳಿ ನೋಡಿ, ಆ ತಾರೆ ಮರದಲ್ಲಿ ಹಿಂದೆಯೂ ಗೂಡು ಇದ್ದಿರಬಹುದು.

ಹಾಗಂತ ಮರ ತೋಟದ ಮೇಲೆ ಬೀಳಲಿ ಅಂತ ನಾನು ಹೇಳುತ್ತಿಲ್ಲ. ಭಾವನವರ ಭಯ ಸುಳ್ಳಲ್ಲ. ಪೊಳ್ಳು ಮರ ಎಲ್ಲವೂ ಬೀಳುವ ಮರ ಅಲ್ಲ ಅನ್ನುವುದೂ ಸುಳ್ಳಲ್ಲ. ತಿರುಳು ಹೋಗಿ ಸುತ್ತಲಿನ ಗೋಡೆ ಗಟ್ಟಿಯಿದ್ದರೆ, ಬೇರು ಸರಿಯಿದ್ದರೆ, ಅದು ಕೊಳವೆಯ ಹಾಗೆ ಬಹಳ ಕಾಲ ನಿಲ್ಲುತ್ತದೆ. ಬುಡದಲ್ಲಿ ಮಣ್ಣು ಬಿರುಕು ಬಿಟ್ಟಿದೆಯಾ, ಮರ ಹೊಸದಾಗಿ ಒಂದು ಕಡೆ ವಾಲಿದೆಯಾ, ಬುಡದ ತೊಗಟೆಯಲ್ಲಿ ಅಣಬೆ ಎದ್ದಿದೆಯಾ ಅಂತ ನೋಡಿ. ಇವು ಇಲ್ಲದಿದ್ದರೆ ತೋಟದ ಕಡೆ ಚಾಚಿದ ಕೊಂಬೆ ಸವರಿಸಿದರೆ ಭಾರ ಕಡಿಮೆಯಾಗುತ್ತದೆ, ಸಾಕು. ಅದನ್ನೂ ಮರಿ ಹಾರಿದ ಮೇಲೆ ಮಾಡಿಸಿ. ಪೊಟರೆ ಇರುವ ಕಾಂಡಕ್ಕೆ ಗರಗಸ ತಾಗದಿರಲಿ. ಸೊಪ್ಪಿನ ಬೆಟ್ಟದ ಮರ ಆದ್ದರಿಂದ ಕಡಿಯುವುದಕ್ಕೆ ಹೇಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗೂಡಿದೆ ಅಂತ ಗಾರ್ಡ್‌ಗೆ ಒಂದು ಮಾತು ಹೇಳಿಡಿ. ಊರಿಗೆಲ್ಲ ಹೇಳಬೇಡಿ, ಫೇಸ್‌ಬುಕ್ಕಿಗೆ ಜಾಗದ ಹೆಸರು ಹಾಕಲೇಬೇಡಿ. ವಾಟ್ಸಾಪ್‌ನಲ್ಲಿ ಒಂದು ಫೋಟೊ ಹೋದರೆ ಮುಂದಿನ ಭಾನುವಾರ ನಿಮ್ಮ ಅಂಗಳದಲ್ಲಿ ನಾಲ್ಕು ಕಾರು ನಿಂತಿರುತ್ತವೆ.

ಪಪ್ಪಾಯಿ, ಬಾಳೆಹಣ್ಣು ಬೇಡ. ಇಟ್ಟರೆ ಮಂಗ ಬರುತ್ತದೆ, ಮಂಗ ಬಂದರೆ ಗೂಡಿಗೂ ಕಷ್ಟ, ನಿಮ್ಮ ತೋಟಕ್ಕೂ ಕಷ್ಟ. ಗಂಡಿಗೆ ಯಾವ ಮರ ಯಾವ ವಾರ ಹಣ್ಣಾಗುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ಸಹಾಯ ಮಾಡಲೇಬೇಕು ಅಂತಿದ್ದರೆ ಬೆಟ್ಟದಲ್ಲಿ ಗೋಳಿ, ಬಸರಿ, ಅತ್ತಿ ಇದ್ದರೆ ಸೊಪ್ಪಿಗೆ ಅಂತ ಬೋಳಿಸಬೇಡಿ. ಬೇರೆ ಮರಗಳು ಹಣ್ಣು ಬಿಡದ ತಿಂಗಳಲ್ಲೂ ಈ ಜಾತಿಯಲ್ಲಿ ಯಾವುದಾದರೊಂದು ಮರ ಹಣ್ಣಾಗಿರುತ್ತದೆ. ರಾಂಪತ್ರೆ ಕೊಯ್ಯುವುದಿದ್ದರೆ ಕಾಯಿ ಬಿರಿಯುವ ಮೊದಲೇ ಮರ ಖಾಲಿ ಮಾಡಿಸಬೇಡಿ. ನಿಮ್ಮ ಕಡೆ ಇದು ಜಾಸ್ತಿ ಆಗಿದೆ. ಪತ್ರೆಗೆ ರೇಟು ಬಂದಾಗಿನಿಂದ ಹಸಿ ಕಾಯಿಯನ್ನೇ ಉದುರಿಸುತ್ತಾರೆ. ಬಲಿಯದ ಪತ್ರೆಗೆ ದುಡ್ಡೂ ಸರಿಯಾಗಿ ಬರುವುದಿಲ್ಲ, ಹಕ್ಕಿಗೂ ಇಲ್ಲ, ಬೀಜವೂ ಹುಟ್ಟುವುದಿಲ್ಲ.

ಹೊರಗೆ ಬರುವುದು ಯಾವಾಗ ಅಂತ ನೀವು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತೀರಿ. ದೊಡ್ಡ ಮಂಗಟ್ಟೆಯಲ್ಲಿ ಮರಿ ಅರ್ಧ ಬೆಳೆದ ಮೇಲೆ ತಾಯಿ ಗೋಡೆ ಒಡೆದು ಹೊರಗೆ ಬರುತ್ತದೆ. ಆಮೇಲೆ ಒಂದು ವಿಚಿತ್ರ. ಒಳಗೆ ಉಳಿದ ಮರಿ, ಗೋಡೆ ಕಟ್ಟುವುದನ್ನು ಯಾರೂ ಕಲಿಸದೇ ಇದ್ದರೂ, ಒಡೆದ ಬಾಯಿಯನ್ನು ತಾನೇ ಮತ್ತೆ ಮೆತ್ತಿ ಮುಚ್ಚುತ್ತದೆ. ಅಪ್ಪ ಅಮ್ಮ ಇಬ್ಬರೂ ಹೊರಗಿನಿಂದ ತಿನ್ನಿಸುತ್ತಾರೆ. ನಿಮ್ಮಲ್ಲಿರುವ ಕಪ್ಪು ಬಿಳುಪಿನ ಜಾತಿಯಲ್ಲಿ ತಾಯಿ ಸಾಮಾನ್ಯವಾಗಿ ಕೊನೇ ತನಕ ಒಳಗೇ ಇದ್ದು, ಹೆಚ್ಚುಕಮ್ಮಿ ಮರಿಗಳ ಜೊತೆಯಲ್ಲೇ ಹೊರಡುತ್ತದೆ. ಮೇ ಕೊನೆಯಿಂದ ಕಣ್ಣಿಟ್ಟಿರಿ. ಗಂಡು ಹಣ್ಣು ಕೊಡದೇ ದೂರದ ಕೊಂಬೆಯಲ್ಲಿ ಕೂತು ಕೂಗಿ ಕರೆಯುತ್ತಿದ್ದರೆ ಆ ದಿನ ಹತ್ತಿರ ಬಂತು ಅಂತ ತಿಳಿಯಿರಿ.

ಮಗನಿಗೆ ಒಂದು ನೋಟ್‌ಬುಕ್ ಕೊಡಿಸಿ. ಹೆಣ್ಣು ಕಡೇ ಸಲ ಹೊರಗೆ ಕಂಡ ದಿನ ಯಾವುದು ಅಂತ ನೆನಪು ಮಾಡಿಕೊಂಡು ಮೊದಲ ಸಾಲಿನಲ್ಲಿ ಬರೆಯಲಿ. ಆಮೇಲೆ ದಿನಾ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಒಂದು ಗಂಟೆ, ಗಂಡು ಎಷ್ಟು ಸಲ ಬಂತು ಅಷ್ಟೇ ಸಾಕು. ಮರಿ ಮೊಟ್ಟೆಯಿಂದ ಹೊರಬಂದ ವಾರ ಯಾವುದು ಅಂತ ಆ ಲೆಕ್ಕವೇ ಹೇಳಿಬಿಡುತ್ತದೆ, ಬರುವ ಸಲ ತಟ್ಟನೆ ಏರುತ್ತದೆ. ಮಂಗಟ್ಟೆ ಕಂಡದ್ದನ್ನು ಯಾರು ಬೇಕಾದರೂ ದಾಖಲಿಸಬಹುದಾದ ಹಾರ್ನ್‌ಬಿಲ್ ವಾಚ್ ಅನ್ನುವ ಜಾಲತಾಣ 2014ರಿಂದ ಇದೆ. ಅಲ್ಲಿಗೂ ಹಾಕಬಹುದು, ಗೂಡಿನ ಜಾಗ ಮಾತ್ರ ನಿಮ್ಮಲ್ಲೇ ಇರಲಿ.

ಮರದ ಕೆಳಗಿನ ಬೀಜದ ರಾಶಿ ನೋಡಲೇಬೇಕು ಅಂತ ಅವನು ಹಟ ಹಿಡಿದರೆ, ಗಂಡು ಈಗಷ್ಟೇ ಬಂದು ಹೋದ ಹೊತ್ತು ನೋಡಿ ಐದು ನಿಮಿಷ ಹೋಗಿ ಬರಲಿ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡೇ ಹೋಗಲಿ. ಸೀಳಿನಿಂದ ಚಿಮ್ಮಿಸುವಾಗ ಕೆಳಗೆ ಯಾರಿದ್ದಾರೆ ಅಂತ ಒಳಗಿನವರು ನೋಡುವುದಿಲ್ಲ.